ದಿನಾ ಬೆಳಗ್ಗೆ ನಮ್ ಲಾಕ್ ಆಫ್! ಯಾರ ಕಾಟ ಇದು?

ಲೆಕ್ಕದಕ್ಕ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆ ಒಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯೋಳು ನಾನು. ಟ್ಯಾಲಿ, ಎಕ್ಸೆಲ್ ಎರಡೂ. ಬಲಗೈ ಸದಾ ನಂಬರ್ ಪ್ಯಾಡ್ ಮೇಲೆ, ಕಣ್ಣು ಬಿಲ್ಲಿನ ಮೇಲೆ. ಕೀಬೋರ್ಡ್ ನೋಡೋ ಅಭ್ಯಾಸವೇ ಇಲ್ಲ.

ಈಗ ಎರಡು ವಾರದಿಂದ ಒಂದು ಪೀಡೆ ಅಂಟಿಕೊಂಡಿದೆ. ಬೆಳಗ್ಗೆ ಕಂಪ್ಯೂಟರ್ ಹಚ್ಚಿದರೆ ನಮ್ ಲಾಕ್ (ಪ್ಯಾಡ್ ಅಂಕಿ ಹೊಡೆಯೋ ಹಾಗೆ ಮಾಡೋ ಕೀಲಿ) ದೀಪ ಆರಿರುತ್ತೆ. ನನ್ನ ಪಾಸ್‌ವರ್ಡಲ್ಲಿ ಅಕ್ಷರದ ಜೊತೆ ಅಂಕಿನೂ ಇದೆ, ಅಂಕಿ ಬೀಳಲ್ಲ, ಪಾಸ್‌ವರ್ಡ್ ತಪ್ಪು ಅನ್ನುತ್ತೆ. ನಾಲ್ಕೈದು ಸಲ ಹೊಡೆದು ಲಾಕ್ ಆಗಿ ಕೂತಿದ್ದೂ ಉಂಟು. ಸಾಲದ್ದಕ್ಕೆ ಮಧ್ಯಾಹ್ನ ಒಂದೊಂದು ದಿನ ತಾನೇ ಆಫ್ ಆಗುತ್ತೆ. ನಿನ್ನೆ ಎಕ್ಸೆಲ್‌ನಲ್ಲಿ ಮಧ್ಯದ ಒಂದು ಮೊತ್ತ ತಿದ್ದೋಕೆ 1240.50 ಅಂತ ಹೊಡೆದೆ. ಮೊತ್ತ ಬದಲಾಗಲಿಲ್ಲ, ಹಾಳೆಯ ತಳದಲ್ಲಿ "ಒಟ್ಟು" ಅಂತ ಬರೆದಿದ್ದೆನಲ್ಲ, ಆ ಪದ ಮಾಯ! ದೆವ್ವ ಹೊಕ್ಕಿದೆಯಾ?

ಬೆಳಗ್ಗೆ ಕಸ ಗುಡಿಸೋ ಸಾಕಮ್ಮ ಕೀಬೋರ್ಡ್ ಒರೆಸುವಾಗ ಒತ್ತಿಬಿಡ್ತಾಳೆ ಅಂತ ನನ್ನ ಅನುಮಾನ. ಕೇಳಿದರೆ "ನಾನ್ ಮುಟ್ಟೇ ಇಲ್ಲ ಕಣವ್ವ" ಅಂತಾಳೆ.

ಬೈಟು ಕಾಫಿ
ನಮ್ ಲಾಕ್ ಆಫ್ ಆದರೆ ನಿಮ್ ಲಾಕ್ ಆನ್ ಮಾಡಿ 😄

ಹುಬ್ಳಿ ಮಂದಿ
ಅಕ್ಕಾರ, ಪಾಪ ಸಾಕಮ್ಮನ್ನ ಯಾಕ್ ಬೈತೀರಿ. ಕಂಪ್ಯೂಟರ್ ಬಂದ್ ಇದ್ದಾಗ ಆಕಿ ಎಷ್ಟ್ ಒತ್ತಿದ್ರೂ ಏನೂ ಆಗಂಗಿಲ್ಲ. ಆ ದೀಪ ಹತ್ತಬೇಕೋ ಆರಬೇಕೋ ಅನ್ನೂದನ್ನ ಕೀಬೋರ್ಡ್ ನೆನಪಿಟ್ಕೊಳ್ಳಂಗಿಲ್ಲರೀ, ಕಂಪ್ಯೂಟರೇ ಹೇಳ್ತೈತಿ.

ಸರ್ವಿಸ್ ಸೀನ
ಹುಬ್ಳಿಯವರು ಹೇಳಿದ್ದು ಸರಿ. ಹದಿನೆಂಟು ವರ್ಷದಿಂದ ರಿಪೇರಿ ಅಂಗಡಿ ನಡೆಸ್ತಿದ್ದೀನಿ, ನಮ್ ಲಾಕ್ ಕೇಸು ತಿಂಗಳಿಗೆ ಎರಡಾದರೂ ಬರುತ್ತೆ.

ನಂಬರ್ ಪ್ಯಾಡಿನ 7 ಒತ್ತಿದಾಗ ಕೀಬೋರ್ಡ್ "ಏಳು" ಅಂತ ಕಳಿಸಲ್ಲ. "ಇಂಥ ಜಾಗದ ಕೀಲಿ ಒತ್ತಿದರು" ಅಂತ ಒಂದು ಸಂಕೇತ ಕಳಿಸುತ್ತೆ, ಬಿಟ್ಟಾಗ ಇನ್ನೊಂದು. ಅದು 7 ಆಗಬೇಕಾ, ಹೋಮ್ ಆಗಬೇಕಾ ಅಂತ ನಿರ್ಧಾರ ಮಾಡೋದು ವಿಂಡೋಸ್, ನಮ್ ಲಾಕ್ ಸ್ಥಿತಿ ನೋಡಿಕೊಂಡು. ದೀಪ ಹಚ್ಚು ಅಂತ ಕೀಬೋರ್ಡಿಗೆ ವಾಪಸ್ ಆಜ್ಞೆ ಕೊಡೋದೂ ಅದೇ. ಅದಕ್ಕೇ ಕಂಪ್ಯೂಟರ್ ಹ್ಯಾಂಗ್ ಆಗಿದೆಯಾ ಅಂತ ನೋಡೋಕೆ ನಾವು ಮೊದಲು ಕ್ಯಾಪ್ಸ್ ಲಾಕ್ ಒತ್ತೋದು. ದೀಪ ಹತ್ತಿ ಆರಿದರೆ ಒಳಗೆ ಜೀವ ಇದೆ. ಹತ್ತದಿದ್ದರೆ ಪವರ್ ಬಟನ್ನೇ ಗತಿ.

ಇನ್ನು ನಿಮ್ಮ "ಒಟ್ಟು" ಎಲ್ಲಿ ಹೋಯ್ತು ಅಂತ ನೋಡೋಣ. ನಮ್ ಲಾಕ್ ಆಫ್ ಇದ್ದಾಗ 1 ಅಂದರೆ ಎಂಡ್, 2 ಅಂದರೆ ಕೆಳಬಾಣ. ಎಕ್ಸೆಲ್‌ನಲ್ಲಿ ಎಂಡ್ ಒತ್ತಿ ಕೆಳಬಾಣ ಒತ್ತಿದರೆ ಕಾಲಮ್ಮಿನ ತಳಕ್ಕೇ ಹಾರುತ್ತೆ. ಅಂದರೆ ಒಟ್ಟು ಮೊತ್ತದ ಮನೆಗೆ ಹೋದಿರಿ. 4 ಎಡಬಾಣ, "ಒಟ್ಟು" ಅಂತ ಬರೆದ ಮನೆಗೆ ಬಂದಿರಿ. 0 ಇನ್ಸರ್ಟ್, ಅದು ಸುಮ್ಮನೆ. ಆಮೇಲೆ ಚುಕ್ಕೆ, ಅದು ಡಿಲೀಟ್! ಅಲ್ಲಿಗೆ ಮುಗೀತು. ಉಳಿದ 5 ಮತ್ತು 0 ಏನೂ ಮಾಡಲ್ಲ. ದೆವ್ವ ಅಲ್ಲ ಅಕ್ಕ, ನೀವೇ ಹೋಗಿ ಅಳಿಸಿ ಬಂದಿದ್ದು.

ಲೆಕ್ಕದಕ್ಕ
ಅಯ್ಯೋ ರಾಮ. ಈಗ ಮತ್ತೆ ಹೊಡೆದು ನೋಡಿದೆ, ಹಾಗೇ ಆಯ್ತು!! ಕೈಕಾಲು ತಣ್ಣಗಾಯ್ತು. ಇನ್ನೂ ಏನೇನು ಅಳಿಸಿದ್ದೀನೋ ದೇವರೇ ಬಲ್ಲ.

ಬೈಟು ಕಾಫಿ
ಈ ಥ್ರೆಡ್ ಮುಗಿಯೋದರೊಳಗೆ ಅಕ್ಕನ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಬೇಕು ದೇವರೇ

ಕುಡ್ಲದ ಬಾಯಿ
ಟ್ಯಾಲಿಯಲ್ಲಿ ಸಹ ಜಾಗ್ರತೆ ಮಾರಾಯ್ರೆ. 9 ಮತ್ತು 3 ಅಲ್ಲಿ ಪೇಜ್ ಅಪ್, ಪೇಜ್ ಡೌನ್ ಆಗ್ತದೆ. ಹಳೆ ವೋಚರ್ ತೆರೆದು ತಿದ್ದುವಾಗ ಅದನ್ನು ಒತ್ತಿದರೆ ಹಿಂದಿನದ್ದಕ್ಕೋ ಮುಂದಿನದ್ದಕ್ಕೋ ಹೋಗಿ ಕೂತುಕೊಳ್ತದೆ. ನಾನು ಒಮ್ಮೆ ಬೇರೆ ಪಾರ್ಟಿಯ ವೋಚರಲ್ಲಿ ಮೊತ್ತ ತಿದ್ದಿ, ಆ ಮನುಷ್ಯ ಮನೆವರೆಗೆ ಬಂದಿದ್ದ. ಈಗ ತಮಾಷೆ ಅನಿಸ್ತದೆ, ಆಗ ಇರಲಿಲ್ಲ.

ಸರ್ವಿಸ್ ಸೀನ
ಸರಿ, ಪರಿಹಾರಕ್ಕೆ ಬರೋಣ.

ಕಂಪ್ಯೂಟರ್ ಹಚ್ಚಿದ ತಕ್ಷಣ ಎಫ್2 ಅಥವಾ ಡೆಲ್ ಒತ್ತಿ, ವಿಂಡೋಸಿಗೂ ಮುಂಚೆ ಬರೋ ಸೆಟ್ಟಿಂಗ್ ಪರದೆ ಬಯಾಸ್‌ಗೆ ಹೋಗಿ. "ಬೂಟಪ್ ನಮ್‌ಲಾಕ್ ಸ್ಟೇಟ್" ಅಂತ ಇರಬಹುದು, ಎಲ್ಲ ಮದರ್‌ಬೋರ್ಡಲ್ಲೂ ಇರಲ್ಲ. ಇದ್ದರೆ ಆನ್ ಮಾಡಿ.

ಅಷ್ಟಕ್ಕೇ ಸರಿಹೋಗಲ್ಲ, ಯಾಕಂದರೆ ವಿಂಡೋಸ್ ಏಳುವಾಗ ತನ್ನದೇ ಲೆಕ್ಕದಲ್ಲಿ ಮತ್ತೆ ಇಡುತ್ತೆ. ಲಾಗಿನ್ ಪರದೆಗೆ ಬಂದಾಗ ಪಾಸ್‌ವರ್ಡ್ ಹಾಕಬೇಡಿ. ಅಲ್ಲೇ ನಮ್ ಲಾಕ್ ಒತ್ತಿ ದೀಪ ಹಚ್ಚಿ, ಕೆಳಗಿನ ಮೂಲೆಯ ಪವರ್ ಗುರುತಿನಿಂದ ರೀಸ್ಟಾರ್ಟ್ ಕೊಡಿ. ಬಹಳ ಜನಕ್ಕೆ ಇಷ್ಟರಲ್ಲೇ ಗುಣ ಆಗುತ್ತೆ.

ಆಗಲಿಲ್ಲ ಅಂದರೆ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಜಾಗ. ಎಚ್‌ಕೀ ಯೂಸರ್ಸ್ ಒಳಗೆ ಡಾಟ್ ಡಿಫಾಲ್ಟ್, ಅದರೊಳಗೆ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಕೀಬೋರ್ಡ್. ಅಲ್ಲಿ "ಇನಿಶಿಯಲ್ ಕೀಬೋರ್ಡ್ ಇಂಡಿಕೇಟರ್ಸ್" ಅನ್ನೋದಕ್ಕೆ 2 ಅಂತ ಕೊಡಿ. 0 ಅಂದರೆ ಆಫ್. ವಿಂಡೋಸ್ 10ರಲ್ಲಿ 2 ಕೆಲಸ ಮಾಡದಿದ್ದರೆ 2147483650 ಹಾಕಿ.

ಹುಬ್ಳಿ ಮಂದಿ
ಅಷ್ಟುದ್ದದ ನಂಬರ್ ಹೊಡ್ಯಾಕ ಮೊದಲ ನಮ್ ಲಾಕ್ ಆನ್ ಮಾಡ್ಕೋರಿ ಅಕ್ಕಾರ 😂

ಲಿನಕ್ಸ್ ಲಿಂಗಣ್ಣ
ರಿಜಿಸ್ಟ್ರಿ ಕೆದಕೋಕೆ ಮುಂಚೆ "ಫಾಸ್ಟ್ ಸ್ಟಾರ್ಟಪ್" ಆಫ್ ಮಾಡಿ ನೋಡಲಿ. ವಿಂಡೋಸ್‌ನಲ್ಲಿ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ ಈಗ. ಅರ್ಧ ಭಾಗವನ್ನ ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ, ಬೆಳಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಏಳೋದು. ಲಿನಕ್ಸ್‌ನಲ್ಲಿ ಈ ಗೋಳೇ ಇಲ್ಲ, ಅದರ ಗ್ನೋಮ್ ಡೆಸ್ಕ್‌ಟಾಪ್ ಹಿಂದಿನ ಸ್ಥಿತಿ ನೆನಪಿಟ್ಟುಕೊಳ್ಳುತ್ತೆ.

ಸರ್ವಿಸ್ ಸೀನ
ಬಂದರಪ್ಪ ಲಿಂಗಣ್ಣ. ಟ್ಯಾಲಿ ನಿಮ್ಮ ಲಿನಕ್ಸಲ್ಲಿ ಓಡಿಸಿಕೊಡಿ ನೋಡೋಣ.

ಲಿನಕ್ಸ್ ಲಿಂಗಣ್ಣ
ಅದು ಟ್ಯಾಲಿಯವರ ತಪ್ಪು 🙂

ಡೆವ್ ದೇವು
ನಾನು ಒಂದು ಮಾತು ಹೇಳ್ತೀನಿ, ಬೈಬೇಡಿ. ಈ ನಮ್ ಲಾಕ್ ಅನ್ನೋ ಕೀಲಿನೇ ಇರಬಾರದು. ಬಾಣದ ಗುರುತಿಗೆ ಬೇರೆ ಕೀಲಿ ಇದೆ, ಹೋಮ್, ಎಂಡ್‌ಗೆ ಬೇರೆ ಇದೆ. ಪ್ಯಾಡ್ ಯಾವಾಗಲೂ ಅಂಕಿಯನ್ನೇ ಹೊಡೆಯಲಿ. ಮ್ಯಾಕ್ ಕೀಬೋರ್ಡಲ್ಲಿ ಆ ಜಾಗದಲ್ಲಿ ಕ್ಲಿಯರ್ ಕೀಲಿ ಇರೋದು, ಪ್ಯಾಡ್ ಸದಾ ಅಂಕಿ. ಯಾರೂ ಸತ್ತಿಲ್ಲ. 2 ನಿಮಿಷ ಯೋಚನೆ ಮಾಡಿ, ಕೊನೇ ಸಲ ನೀವು ಬೇಕು ಅಂತ ನಮ್ ಲಾಕ್ ಆಫ್ ಮಾಡಿದ್ದು ಯಾವಾಗ?

ಬೈಟು ಕಾಫಿ
+1

ಕುಡ್ಲದ ಬಾಯಿ
+1, ಅದರ ಜಾಗದಲ್ಲಿ ರೂಪಾಯಿ ಗುರುತು ಹಾಕಲಿ

ಟೈಪಿಂಗ್ ಮೇಷ್ಟ್ರು
ದೇವು ಅವರೇ, ಅದು ಯಾಕೆ ಬಂತು ಅಂತ ತಿಳಿದರೆ ಅಷ್ಟು ಸಿಟ್ಟು ಬರಲಾರದು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಕೀಬೋರ್ಡಿನಲ್ಲಿ 83 ಕೀಲಿಗಳು. ಬಾಣಗಳಿಗೆ ಪ್ರತ್ಯೇಕ ಕೀಲಿಗಳೇ ಇರಲಿಲ್ಲ. ಬಲಗಡೆಯ ಒಂದೇ ಗುಂಪು ಅಂಕಿಯ ಕೆಲಸವನ್ನೂ ಬಾಣದ ಕೆಲಸವನ್ನೂ ಮಾಡಬೇಕಿತ್ತು. ಒಂದೇ ಎತ್ತನ್ನು ಗಾಡಿಗೂ ಗಾಣಕ್ಕೂ ಕಟ್ಟಿದ ಹಾಗೆ. ಯಾವಾಗ ಯಾವುದು ಎಂದು ಹೇಳಲು ನಮ್ ಲಾಕ್. ಆ ಕೀಬೋರ್ಡಿನಲ್ಲಿ ದೀಪವೂ ಇರಲಿಲ್ಲ. ಒತ್ತಿ ನೋಡಿಯೇ ತಿಳಿಯಬೇಕು! ದೀಪಗಳು ಬಂದದ್ದು 1984ರ ಎಟಿ ಮಾದರಿಗೆ. ಅದಾದ ಮೇಲೆ 101 ಕೀಲಿಯ ಕೀಬೋರ್ಡ್ ಬಂದು ಬಾಣಗಳಿಗೆ ಬೇರೆ ಮನೆ ಸಿಕ್ಕಿತು. ಆದರೆ ಹಳೆಯ ತಂತ್ರಾಂಶಗಳೂ ಹಳೆಯ ಕೈಗಳೂ ಇದ್ದವಲ್ಲ, ಆದ್ದರಿಂದ ಪ್ಯಾಡಿನ ಎರಡನೆಯ ಕೆಲಸವನ್ನು ಕಿತ್ತುಹಾಕಲಿಲ್ಲ.

ಹಾಗೆ ನೋಡಿದರೆ ಶಿಫ್ಟ್ ಕೂಡ ಹಳೆಯ ಕಾಲದ್ದೇ. 1878ರ ರೆಮಿಂಗ್ಟನ್ ಎರಡನೇ ಮಾದರಿಯಲ್ಲಿ ಬಂದದ್ದು. ಶಿಫ್ಟ್ ಒತ್ತಿದರೆ ಯಂತ್ರದ ಒಂದು ಭಾಗ ನಿಜವಾಗಿಯೂ ಜರುಗುತ್ತಿತ್ತು. ನಾನು ಕಲಿಸಿದ ಎಷ್ಟೋ ಟೈಪ್‌ರೈಟರುಗಳಲ್ಲಿ 1 ಎಂಬ ಕೀಲಿಯೇ ಇರಲಿಲ್ಲ, ಸಣ್ಣ ಎಲ್ ಅಕ್ಷರವನ್ನೇ ಒಂದು ಎಂದು ಹೊಡೆಯುತ್ತಿದ್ದೆವು. ಹಾಗೆ ಕಲಿತ ಶಿಷ್ಯನೊಬ್ಬ ಕಂಪ್ಯೂಟರಿನಲ್ಲೂ ಎಲ್ ಹೊಡೆದು, ಮೊತ್ತ ಕೂಡುತ್ತಿಲ್ಲ ಎಂದು ಅರ್ಧ ದಿನ ಒದ್ದಾಡಿದ್ದ.

ಡೆವ್ ದೇವು
ಮೇಷ್ಟ್ರೇ, ಕಥೆ ಚೆನ್ನಾಗಿದೆ. ಆದರೆ ನೀವು ನನ್ನ ಮಾತನ್ನೇ ಹೇಳಿದಿರಿ. 1981ರಲ್ಲಿ ಜಾಗ ಇರಲಿಲ್ಲ, ಬೇಕಿತ್ತು. ಈಗ ಯಾಕೆ?

ಧ್ವನಿ ಓದುಗ
ಈಗ ಯಾಕೆ ಅಂತ ನಾನು ಹೇಳ್ತೀನಿ. ನನಗೆ ಕಣ್ಣು ಕಾಣಲ್ಲ. ಈ ಥ್ರೆಡ್ಡನ್ನ ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರ್ ನನಗೆ ಕನ್ನಡದಲ್ಲಿ ಓದಿ ಹೇಳ್ತಿದೆ. (ಬೈಟು ಕಾಫಿಯವರ ನಗುಮೊಗಗಳನ್ನೂ ಓದುತ್ತೆ, ಸ್ವಲ್ಪ ಕಡಿಮೆ ಹಾಕಿ ಸ್ವಾಮಿ.)

ನನ್ನ ನಂಬರ್ ಪ್ಯಾಡ್ ಹೆಚ್ಚುಕಮ್ಮಿ ಯಾವಾಗಲೂ ನಮ್ ಲಾಕ್ ಆಫ್. 8 ಒತ್ತಿದರೆ ಈಗಿನ ಸಾಲು ಓದುತ್ತೆ, 7 ಹಿಂದಿನ ಸಾಲು, 9 ಮುಂದಿನದು. ನಡುವಿನ 4, 5, 6 ಪದಕ್ಕೆ. ಕೆಳಗಿನ 1, 2, 3 ಒಂದೊಂದೇ ಅಕ್ಷರಕ್ಕೆ. ಕರ್ಸರನ್ನ ಅಲ್ಲಾಡಿಸದೆ ಪರದೆ ಮೇಲೆ ಬೆರಳಾಡಿಸಿದ ಹಾಗೆ. ಸೀನಣ್ಣ "5 ಏನೂ ಮಾಡಲ್ಲ" ಅಂದರಲ್ಲ, ನನಗೆ ಅದೇ ಮನೆಯ ನಡುಗಂಬ. ಅದರ ಮೇಲಿನ ಸಣ್ಣ ಉಬ್ಬು ಸಿಕ್ಕಿತು ಅಂದರೆ ಪ್ಯಾಡ್ ಪೂರ್ತಿ ಸಿಕ್ಕಿತು. ಎಫ್ ಮತ್ತು ಜೆ ಮೇಲಿನ ಗೆರೆಯೂ ಹಾಗೇ. ನೀವು ಗಮನಿಸಿಯೇ ಇರಲ್ಲ.

ನಮ್ ಲಾಕ್ ತೆಗೀರಿ ಅನ್ನೋರು ಲ್ಯಾಪ್‌ಟಾಪ್ ಕೊಳ್ಳೋಕೆ ನನ್ನ ಜೊತೆ ಒಂದು ದಿನ ಬನ್ನಿ. ಪ್ಯಾಡ್ ಇರೋ ಮಾಡೆಲ್ ಹುಡುಕೋದೇ ಒಂದು ಕೆಲಸ.

ಡೆವ್ ದೇವು
ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಮಾತು ವಾಪಸ್ ತಗೊಂಡೆ. ಪ್ಯಾಡ್ ಇಲ್ಲದ ಲ್ಯಾಪ್‌ಟಾಪಲ್ಲಿ ಏನು ಮಾಡ್ತೀರಿ?

ಧ್ವನಿ ಓದುಗ
ಅದಕ್ಕೆ ಬೇರೆ ಜೋಡಣೆ ಇದೆ, ಲ್ಯಾಪ್‌ಟಾಪ್ ಲೇಔಟ್ ಅಂತ. ಕ್ಯಾಪ್ಸ್ ಲಾಕನ್ನೇ ಎನ್‌ವಿಡಿಎ ಕೀಲಿ ಮಾಡಿಕೊಂಡು ಬಾಣಗಳ ಜೊತೆ ಒತ್ತೋದು. ನಡೆಯುತ್ತೆ. ಆದರೆ ಒಂದು ಬೆರಳಿನ ಕೆಲಸಕ್ಕೆ ಎರಡು ಕೈ.

ಬೈಟು ಕಾಫಿ
ಸಾರಿ ಸರ್, ನಗುಮೊಗ ಬಂದ್.

ಮಲ್ನಾಡ್ ಮಾಣಿ
ನಂದೊಂದು ಹಳೇ ಕಥೆ. ನಮ್ಮಪ್ಪ ಅಡಿಕೆ ಮಂಡಿ ಲೆಕ್ಕಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ರು, ಚಿಕ್ಕದು, ಪ್ಯಾಡ್ ಇಲ್ಲದ್ದು. ಒಂದಿನ ತಂಗಿ ಏನೋ ಒತ್ತಿದಳು, ಆಮೇಲೆ ಅಕ್ಷರ ಹೊಡೆದ್ರೆ ಅಂಕಿ! ಜೆ ಹೊಡೆದ್ರೆ 1, ಕೆ 2, ಎಲ್ 3. ಯು, ಐ, ಓ ಒತ್ತಿದ್ರೆ 4, 5, 6. ವೈರಸ್ಸು ಅಂತ ಸಾಗರಕ್ಕೆ ಹೊತ್ತುಕೊಂಡು ಹೋದ್ವಿ. ಅಂಗಡಿಯವನು ನೋಡಿ, ಎಫ್ಎನ್ ಹಿಡಿದು ಒಂದು ಕೀಲಿ ಒತ್ತಿ, ಮುನ್ನೂರು ರೂಪಾಯಿ ತಗೊಂಡ. ಮಳೆಗಾಲದಲ್ಲಿ ಬಸ್ಸಲ್ಲಿ ನೆನೆದು ಹೋಗಿದ್ದು ಬೇರೆ.

ಸರ್ವಿಸ್ ಸೀನ
ಮುನ್ನೂರು ಜಾಸ್ತಿ ಆಯ್ತು. ನಾನಾಗಿದ್ರೆ ಇನ್ನೂರು 🙂 ಆ ಲ್ಯಾಪ್‌ಟಾಪುಗಳಲ್ಲಿ ಅಕ್ಷರದ ಕೀಲಿಗಳ ಒಳಗೇ ಪ್ಯಾಡ್ ಅಡಗಿಸಿದ್ದರು. ಕೀಲಿಯ ಅಂಚಿನಲ್ಲಿ ಸಣ್ಣ ಬಣ್ಣದ ಅಂಕಿ ಇರ್ತಿತ್ತು. ನಮ್ ಲಾಕ್ ಆನ್ ಆದರೆ ಅದೇ ಮೇಲೇಳೋದು.

ಪಂಚಾಯ್ತಿ ಪಾಟೀಲ
ಕೀಲಿ ಅಂದ ಮ್ಯಾಗ ಸ್ಕ್ರಾಲ್ ಲಾಕ್ ಬಗ್ಗೆ ಯಾರೂ ಮಾತಾಡವಲ್ರಿ. ನಮ್ಮ ಆಫೀಸಿನಾಗ ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹಾಕಿದ್ವಿ, ಸ್ಕ್ರಾಲ್ ಲಾಕ್ ಒತ್ತಿದ್ರ ಕನ್ನಡ, ಮತ್ತ ಒತ್ತಿದ್ರ ಇಂಗ್ಲಿಷ್. ನಮಗ ಅದು "ಕನ್ನಡ ಬಟನ್". ಹೊಸಾ ಲ್ಯಾಪ್‌ಟಾಪ್ ಬಂತು, ಅದರಾಗ ಆ ಕೀಲಿನ ಇಲ್ಲ. ಅರ್ಜಿ ಹ್ಯಾಂಗ ಬರ್ಯೂದು ಅಂತ ಎಲ್ಲಾರೂ ತಲಿ ಮ್ಯಾಲೆ ಕೈ ಹೊತ್ಕೊಂಡು ಕುಂತಿದ್ವಿ.

ಕುಡ್ಲದ ಬಾಯಿ
ನಾವು ಬರಹ ಪಾರ್ಟಿ, ಎಫ್11 ಒತ್ತಿದರೆ ಕನ್ನಡ. ಆದರೆ ಕ್ಯಾಪ್ಸ್ ಲಾಕ್ ಗೊತ್ತಿಲ್ಲದೆ ಆನ್ ಆಗಿದ್ದರೆ ದೇವರೇ ಗತಿ. ದೊಡ್ಡ ಅಕ್ಷರಕ್ಕೆ ಬೇರೆ ಕನ್ನಡ ಅಕ್ಷರ ಅಲ್ವಾ ಅಲ್ಲಿ? "ನಲ್ಲಿ" ಅಂತ ಹೊಡೆದರೆ "ಣಾಳ್ಳೀ" ಅಂತ ಬರ್ತದೆ. ಮದುವೆ ಕಾಗದದ ಕರಡು ಹಾಗೇ ಪ್ರೆಸ್ಸಿಗೆ ಹೋಗುವುದರಲ್ಲಿತ್ತು.

ಬೈಟು ಕಾಫಿ
ಕಲ್ಯಾಣ ಮಂಟಪದಣಾಳ್ಳೀ

ಟೈಪಿಂಗ್ ಮೇಷ್ಟ್ರು
ಪಾಟೀಲರೇ, ಎಕ್ಸೆಲ್ ಬಳಸುವವರಿಗೆ ಸ್ಕ್ರಾಲ್ ಲಾಕ್ ಇನ್ನೊಂದು ಆಟ ಆಡಿಸುತ್ತದೆ. ಅದು ಆನ್ ಆಗಿದ್ದರೆ ಬಾಣ ಒತ್ತಿದಾಗ ಆಯ್ದ ಮನೆ ಕದಲುವುದಿಲ್ಲ, ಹಾಳೆಯೇ ಜರುಗುತ್ತದೆ. ಲೆಕ್ಕದಕ್ಕನವರು ಇದನ್ನೂ ತಲೆಯಲ್ಲಿಟ್ಟುಕೊಳ್ಳಲಿ.

ಕುಡ್ಲದ ಬಾಯಿ
ಇನ್ನೊಂದು ಡೌಟು. ಫೋನಿನಲ್ಲಿ 1 2 3 ಮೇಲೆ, ಎಟಿಎಮ್ಮಲ್ಲಿ ಮೇಲೆ. ಕೀಬೋರ್ಡಿನಲ್ಲಿ ಮಾತ್ರ 7 8 9 ಮೇಲೆ. ಯಾಕೆ ಹೀಗೆ ಉಲ್ಟಾ?

ಮಲ್ನಾಡ್ ಮಾಣಿ
ಫೋನ್ ಒತ್ತೋರು ನಿಧಾನಕ್ಕೆ ಒತ್ತಲಿ, ಎಕ್ಸ್‌ಚೇಂಜ್ ತಡ್ಕೊಳ್ಳಲ್ಲ ಅಂತ ಬೇಕಂತಲೇ ತಿರುಗಿಸಿದ್ರಂತೆ.

ಟೈಪಿಂಗ್ ಮೇಷ್ಟ್ರು
"ಅಂತೆ"ಗಳನ್ನು ನಂಬಬೇಡಿ ಮಾಣಿ. ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಬಟನ್ ಫೋನ್ ತರುವ ಮುಂಚೆ ಹಲವು ವಿನ್ಯಾಸಗಳನ್ನು ಜನರ ಕೈಗೆ ಕೊಟ್ಟು ಒತ್ತಿಸಿ ನೋಡಿದ್ದರು. ಅದರ ವರದಿ 1960ರಲ್ಲಿ ಅವರದೇ ಪತ್ರಿಕೆಯಲ್ಲಿ ಬಂದಿದೆ. ಕ್ಯಾಲ್ಕುಲೇಟರಿನ ಕ್ರಮವೂ ಪರೀಕ್ಷೆಯಲ್ಲಿತ್ತು. ವೇಗದಲ್ಲಿ ಭಾರೀ ವ್ಯತ್ಯಾಸವೇನೂ ಕಾಣಲಿಲ್ಲ. 1 2 3 ಮೇಲಿರುವುದು ಓದುವ ಕ್ರಮವೇ ಆದ್ದರಿಂದ ಹೊಸಬರಿಗೆ ಸಲೀಸು. 1963ರಲ್ಲಿ ಬಟನ್ ಫೋನ್ ಹಾಗೇ ಮಾರುಕಟ್ಟೆಗೆ ಬಂತು. ಕೂಡುವ ಯಂತ್ರಗಳಲ್ಲಿ ಅದಕ್ಕಿಂತ ಎಷ್ಟೋ ಮೊದಲಿನಿಂದ ಸಣ್ಣ ಅಂಕಿ ಕೆಳಗೇ ಇತ್ತು, ಕಂಪ್ಯೂಟರಿಗೆ ಬಂದದ್ದು ಆ ಕಡೆಯಿಂದ.

ಹುಬ್ಳಿ ಮಂದಿ
ಅದಕ್ಕ ನಮ್ಮ ಕಾಕಾ ಬ್ಯಾಂಕಿನಾಗ ಕ್ಯಾಶಿಯರ್ ಇದ್ದವ್ರು, ಎಟಿಎಂ ಪಿನ್ ಹಾಕೂದ್ರಾಗ ತಪ್ಪತಾರ. ಬಳ್ಳು ತಾನ ಹೋಗತಾವಂತ ಉಲ್ಟಾ ಕಡೆ.

ಲೆಕ್ಕದಕ್ಕ
ಎಲ್ಲಿಂದ ಎಲ್ಲಿಗೋ ಹೋದಿರಿ ನೀವೆಲ್ಲ! ವರದಿ ಕೊಡ್ತೀನಿ ಕೇಳಿ. ಬಯಾಸಲ್ಲಿ ಮೊದಲೇ ಆನ್ ಇತ್ತು. ಲಿಂಗಣ್ಣ ಹೇಳಿದ ಫಾಸ್ಟ್ ಸ್ಟಾರ್ಟಪ್ ತೆಗೆದೆ, ಸೀನಣ್ಣ ಹೇಳಿದ 2 ಹಾಕಿದೆ (ಆ ಉದ್ದದ ನಂಬರ್ ಬೇಕಾಗಲಿಲ್ಲ). ಮೂರು ದಿನದಿಂದ ಬೆಳಗ್ಗೆ ದೀಪ ಹತ್ತಿರುತ್ತೆ. ಸಾಕಮ್ಮನಿಗೆ ತಪ್ಪಾಯ್ತು ಕಣಮ್ಮ ಅಂದೆ, "ಅಂಗೇ ಇರ್ಲಿ ಬುಡವ್ವ" ಅಂದಳು.

ಆದರೆ ಮಧ್ಯಾಹ್ನದ್ದು ನಿಂತಿಲ್ಲ. ಇವತ್ತೂ ಮೂರು ಗಂಟೆ ಹೊತ್ತಿಗೆ ಕಣ್ಣೆದುರೇ ದೀಪ ಆರಿತು. ಕೈ ಪ್ಯಾಡ್ ಮೇಲೆ ಇರಲೇ ಇಲ್ಲ, ಚಹಾ ಲೋಟ ಹಿಡಿದಿದ್ದೆ.

ಡೆವ್ ದೇವು
ಮೂರು ಗಂಟೆಗೆ ಏನಾಗುತ್ತೆ ನಿಮ್ಮಲ್ಲಿ? ಬೇರೆ ಯಾರಾದರೂ ಆ ಕಂಪ್ಯೂಟರಿಗೆ ಹೊರಗಿಂದ ಕನೆಕ್ಟ್ ಆಗ್ತಾರಾ?

ಲೆಕ್ಕದಕ್ಕ
ಅರೆ! ಆಡಿಟರ್ ಆಫೀಸಿನ ಹುಡುಗ ಲೆಡ್ಜರ್ ನೋಡೋಕೆ ಬರ್ತಾನೆ, ರಿಮೋಟಲ್ಲಿ. ಹೆಚ್ಚುಕಮ್ಮಿ ಅದೇ ಹೊತ್ತು. ರಿಟರ್ನ್ ಹಾಕೋ ಸಮಯ ಅಂತ ಎರಡು ವಾರದಿಂದ ಜಾಸ್ತಿ.

ಡೆವ್ ದೇವು
ಸಿಕ್ಕ ಕಳ್ಳ. ಕೆಲವು ರಿಮೋಟ್ ಸಾಫ್ಟ್‌ವೇರ್‌ಗಳು ಆ ಕಡೆಯ ಲಾಕ್ ಕೀಲಿಗಳ ಸ್ಥಿತಿಯನ್ನ ಈ ಕಡೆಗೂ ತಂದು ಹೊಂದಿಸುತ್ತವೆ. ಅವನ ಲ್ಯಾಪ್‌ಟಾಪಲ್ಲಿ ನಮ್ ಲಾಕ್ ಆಫ್ ಇದ್ದರೆ ನಿಮ್ಮದೂ ಆಫ್. ಕನೆಕ್ಟ್ ಆಗೋ ಮುಂಚೆ ಆನ್ ಮಾಡಿಕೊಳ್ಳೋಕೆ ಹೇಳಿ.

ಲೆಕ್ಕದಕ್ಕ
ಫೋನ್ ಮಾಡಿದೆ. "ಅಕ್ಕಾ, ನನ್ ಲ್ಯಾಪ್‌ಟಾಪಲ್ಲಿ ಆ ಕೀಲಿನೇ ಇಲ್ವಲ್ಲ" ಅಂತಾನೆ.

ಸರ್ವಿಸ್ ಸೀನ
ಕೀಲಿ ಇಲ್ಲದಿದ್ದರೂ ಲಾಕ್ ಇರುತ್ತೆ, ಅದೇ ತಮಾಷೆ. ಅವನಿಗೆ ಹೇಳಿ: ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಓ ಎಸ್ ಕೆ ಅಂತ ಹೊಡೆದರೆ ಪರದೆ ಮೇಲೆ ಕೀಬೋರ್ಡ್ ಬರುತ್ತೆ. ಅದರ ಆಪ್ಷನ್ಸ್‌ನಲ್ಲಿ ನ್ಯೂಮರಿಕ್ ಕೀಪ್ಯಾಡ್ ಅನ್ನೋದಕ್ಕೆ ಟಿಕ್ ಹಾಕಿದರೆ ನಮ್‌ಲಾಕ್ ಗುಂಡಿ ಕಾಣುತ್ತೆ. ಮೌಸಲ್ಲಿ ಒತ್ತಲಿ.

ಮತ್ತೆ ಇನ್ನೊಂದು, ಯಾವತ್ತಾದರೂ ದೀಪ ಹತ್ತಿದ್ದೂ ಪ್ಯಾಡಲ್ಲಿ ಅಂಕಿ ಬೀಳದೆ ಮೌಸ್ ಬಾಣ ಮೆಲ್ಲಗೆ ತೆವಳಿದರೆ ಗಾಬರಿ ಬೀಳಬೇಡಿ. ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಮೂರೂ ಒಟ್ಟಿಗೆ ಒತ್ತಿದ್ದರೆ ಮೌಸ್ ಕೀಸ್ ಅನ್ನೋದು ಆನ್ ಆಗಿರುತ್ತೆ. ಮತ್ತೆ ಅದೇ ಮೂರು ಒತ್ತಿ, ಹೋಗುತ್ತೆ.

ಹುಬ್ಳಿ ಮಂದಿ
ಅದು ಭಾರಿ ಉಪಯೋಗರೀ ಸೀನಣ್ಣ. ನಮ್ಮ ಮೌಸ್ ಕೆಟ್ಟಾಗ ಒಂದ್ ವಾರ ಅದರಾಗ ದಗದಾ ತಗದೇನಿ. 5 ಒತ್ತಿದ್ರ ಕ್ಲಿಕ್.

ಕುಡ್ಲದ ಬಾಯಿ
ರೂಪಾಯಿ ಗುರುತಿನ ವಿಷಯ ಯಾರೂ ಹೇಳ್ಲೇ ಇಲ್ಲ 😒

ಲಿನಕ್ಸ್ ಲಿಂಗಣ್ಣ
ಇಂಗ್ಲಿಷ್ (ಇಂಡಿಯಾ) ಕೀಬೋರ್ಡ್ ಆಯ್ದುಕೊಂಡು ಕಂಟ್ರೋಲ್, ಆಲ್ಟ್ ಹಿಡಿದು ಮೇಲಿನ ಸಾಲಿನ 4 ಒತ್ತಿ. ಅಥವಾ ವರ್ಡ್‌ನಲ್ಲಿ ಆಲ್ಟ್ ಹಿಡಿದು ಪ್ಯಾಡಲ್ಲಿ 8377. ಡಿಗ್ರಿ ಗುರುತಿಗೆ ಆಲ್ಟ್ ಜೊತೆ 0176. ಪ್ಯಾಡಲ್ಲೇ ಒತ್ತಬೇಕು, ಮೇಲಿನ ಸಾಲು ಆಗಲ್ಲ, ನಮ್ ಲಾಕ್ ಆನ್ ಇರಬೇಕು.

ಕುಡ್ಲದ ಬಾಯಿ
₹ ₹ ₹ ಬಂತು ಮಾರಾಯ್ರೆ!!

ಲೆಕ್ಕದಕ್ಕ
ಆ ಹುಡುಗ ಪರದೆ ಕೀಬೋರ್ಡಲ್ಲಿ ಒತ್ತಿಕೊಂಡು ಬಂದ. ಮೂರೂಕಾಲು ಆಯ್ತು, ದೀಪ ಹತ್ತೇ ಇದೆ. ಚಹಾ ಕುಡೀತಾ ನೋಡ್ತಾ ಕೂತಿದ್ದೀನಿ.

ಬೈಟು ಕಾಫಿ
ಎದ್ದು ಎಂಟ್ರಿ ಮಾಡಿ ಅಕ್ಕ